ಹಳೇ ಬೈಕ್ ‘ರೆಸ್ಟೋರ್’ ಮಾಡುವುದಕ್ಕೆ ಕನ್ನಡ ಪದ ಬೇಕು: ಬೋರ್ಡಿಗೆ, ತುರ್ತು

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ಗೆಳೆಯನೊಬ್ಬ ಹಳೇ ಜಾವಾ, ಯೆಜ್ಡಿಗಳಿಗೆಂದೇ ಗ್ಯಾರೇಜ್ ತೆರೆಯುತ್ತಿದ್ದಾನೆ. ಬೋರ್ಡ್ ಬರೆಯುವವರು ನಾಳೆ ಬೆಳಿಗ್ಗೆ ಬರುತ್ತಾರೆ. ಶೇ 60 ಕನ್ನಡ ಇರಬೇಕು ಅನ್ನುವ ಕಾನೂನಿದೆ, ಸರಿ. ಆದರೆ ‘ರೆಸ್ಟೋರೇಷನ್’ ಅಂತ ಕನ್ನಡ ಅಕ್ಷರದಲ್ಲಿ ಬರೆದು ಲೆಕ್ಕ ಭರ್ತಿ ಮಾಡಲು ಮನಸ್ಸಿಲ್ಲ.

ಅಲ್ಲಿ ಮೊದಲು ಕೆಲಸಕ್ಕೆ ನಿಂತಿರುವುದು ನನ್ನ ಗಾಡಿಯೇ. ಎಪ್ಪತ್ತರ ದಶಕದ ಯೆಜ್ಡಿ. ಯಾರದೋ ಕೊಟ್ಟಿಗೆಯಲ್ಲಿ ಬಿದ್ದಿತ್ತು, ಗುಜರಿ ರೇಟಿಗೆ ಸಿಕ್ಕಿತು. ಪಿಸ್ಟನ್ ಜಾಮ್ ಆಗಿದೆ. ಟ್ಯಾಂಕಿನೊಳಗೆ ತುಕ್ಕು. ಎಲ್ಲ ಬಿಚ್ಚಿ, ತೊಳೆದು, ಬೋರ್ ಮಾಡಿಸಿ (ಅಂದರೆ ಸಿಲಿಂಡರಿನ ಸವೆದ ಒಳಮೈ ಕೊರೆಸಿ), ಕಾರ್ಖಾನೆಯಿಂದ ಹೇಗೆ ಬಂದಿತ್ತೋ ಹಾಗೇ ನಿಲ್ಲಿಸಬೇಕು. ಈ ಇಡೀ ಕೆಲಸಕ್ಕೆ ಒಂದು ಪದ ಹೇಳಿ. ರಿಪೇರಿ ಅಂದರೆ ಸಾಲದು. ಕಾಯಕಲ್ಪ, ಪುನಶ್ಚೇತನ, ಜೀರ್ಣೋದ್ಧಾರ ಹೊಳೆದಿವೆ. ಯಾವುದು ಆಗುತ್ತದೆ?

ಉತ್ತರ: ಒಬ್ಬರು

ಮೂರೂ ಬೇಡ. ಮೂರೂ ಸಂಸ್ಕೃತ. ‘ಮರುಹುಟ್ಟು’ ಇದೆಯಲ್ಲ? ಗಾಡಿಯೂ ಬೇಡ, ‘ಬಂಡಿ’ ಅನ್ನಿ. ‘ಹಳೆಬಂಡಿಗಳ ಮರುಹುಟ್ಟು’. ಇದಕ್ಕಿಂತ ಜಾಸ್ತಿ ಚರ್ಚೆ ಬೇಕಿಲ್ಲ.

ಉತ್ತರ: ಇನ್ನೊಬ್ಬರು

ಮರುಹುಟ್ಟು ಖಂಡಿತ ಆಗುವುದಿಲ್ಲ ಸರ್. ಸತ್ತದ್ದು ಬೇರೆ ಮೈಯಲ್ಲಿ ಬಂದರೆ ಮರುಹುಟ್ಟು. ಇಲ್ಲಿ ಮೈ ಅದೇ. ಚಾಸಿ ಮೇಲೆ, ಎಂಜಿನ್ ಮೇಲೆ ಒತ್ತಿರುವ ನಂಬರು ಆರ್‌ಸಿ ಪುಸ್ತಕದ ನಂಬರಿಗೆ ತಾಳೆಯಾದರೆ ತಾನೇ ಆ ಗಾಡಿಗೆ ಬೆಲೆ?

ಕಾಯಕಲ್ಪ ಮುದುಕರನ್ನು ಯುವಕರನ್ನಾಗಿ ಮಾಡುವ ಆಯುರ್ವೇದದ ಚಿಕಿತ್ಸೆ. ಪತ್ರಿಕೆಗಳು ಅದನ್ನು ಬಸ್ ನಿಲ್ದಾಣಕ್ಕೂ ಪಾರ್ಕಿಗೂ ಬಳಸಿ ಬಳಸಿ ಈಗ ಬರೀ ಸುಣ್ಣಬಣ್ಣ ಅನ್ನುವ ಅರ್ಥ ಉಳಿದಿದೆ. ಪುನಶ್ಚೇತನ ಅಂದರೆ ನಿಂತದ್ದು ಮತ್ತೆ ನಡೆದರೆ ಸಾಕು. ಹಳೇ 6 ವೋಲ್ಟ್ ವೈರಿಂಗ್ ಕಿತ್ತು 12 ವೋಲ್ಟ್ ಹಾಕಿ, ಯಾವುದೋ ಹೊಸ ಗಾಡಿಯ ಹೆಡ್‌ಲೈಟ್ ಕೂರಿಸಿ ಓಡಿಸಿದರೂ ಅದು ಪುನಶ್ಚೇತನವೇ. ನೀವು ಮಾಡಹೊರಟಿರುವುದು ಅದಲ್ಲ.

ಜೀರ್ಣೋದ್ಧಾರವೇ ಸರಿ. ನಮ್ಮ ಶಾಸನಗಳಲ್ಲಿ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಅನ್ನುವ ಮಾತು ಮತ್ತೆ ಮತ್ತೆ ಬರುತ್ತದೆ. ದೇಗುಲಕ್ಕೋ ಬಸದಿಗೋ ಭೂಮಿ ಬಿಟ್ಟಾಗ, ಯಾವ ಖರ್ಚಿಗೆ ಅಂತ ಹೇಳುವ ಜಾಗದಲ್ಲಿ. ಖಂಡ ಅಂದರೆ ಮುರಿದದ್ದು, ಸ್ಫುಟಿತ ಅಂದರೆ ಬಿರುಕು ಬಿಟ್ಟದ್ದು, ಜೀರ್ಣ ಅಂದರೆ ಸವೆದು ಹಳೆಯದಾದದ್ದು. ಮುರಿದ ಕಿಕ್ಕರ್, ಒಣಗಿ ಬಿರುಕು ಬಿಟ್ಟ ಆಯಿಲ್ ಸೀಲು, ಸವೆದ ಬೋರು: ಮೂರಕ್ಕೂ ಮೂರು ಪದ ಎಷ್ಟು ಚೆನ್ನಾಗಿ ಹೊಂದುತ್ತವೆ ನೋಡಿ. ಉದ್ಧಾರ ಅಂದರೆ ಮೇಲೆತ್ತುವುದು. ಹೊಸದು ಕಟ್ಟುವುದಲ್ಲ.

ಯೆಜ್ಡಿಯ ವಿಷಯದಲ್ಲಿ ಇದು ಇನ್ನೂ ಮುಖ್ಯ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಲ್ಲಿ ಜಾವಾ ಬರತೊಡಗಿತು. 1973ರಿಂದ ಹೆಸರು ಯೆಜ್ಡಿ. 1996ಕ್ಕೆ ಕಾರ್ಖಾನೆ ಮುಚ್ಚಿತು. ಆಗ ತಯಾರಾದ ಭಾಗ ಇನ್ನು ಹುಟ್ಟುವುದಿಲ್ಲ. ಗೇರಿನ ಲಿವರನ್ನೇ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರ್ ಆಗುತ್ತದಲ್ಲ, ಆ ಹಳೇ ಲಿವರ್ ಉಳಿಯಬೇಕು. ಉಳಿಸುವ ಈ ಅರ್ಥ ಮರುಹುಟ್ಟಿನಲ್ಲಿ ಎಲ್ಲಿದೆ?

ಮರು ಉತ್ತರ: ಮೊದಲನೆಯವರು

ಶಾಸನದ ಮಾತು ಶಾಸನದಲ್ಲಿರಲಿ. ಬೋರ್ಡ್ ಓದುವವರು ಯಾರು? ರಸ್ತೆಯಲ್ಲಿ ಹೋಗುವ ಜನ. ‘ದ್ಧಾ’ ಅಂತ ಉಸಿರು ಒತ್ತಿ ಹೇಳುವವರು ಅವರಲ್ಲಿ ಎಷ್ಟು ಜನ? ಆಡದ ಒತ್ತನ್ನು ಬರೆಯಿಸಿ, ಆಮೇಲೆ ತಪ್ಪು ಬರೆದರು ಅಂತ ಬಯ್ಯುತ್ತೀರಿ. ಇಂಗ್ಲಿಷ್ ಬೇಡ ಅಂದವರಿಗೆ ಸಂಸ್ಕೃತ ಕೊಟ್ಟರೆ ಅದು ಕನ್ನಡ ಕೊಟ್ಟ ಹಾಗಾಯಿತೇ? ಮರುಹುಟ್ಟು ಒಪ್ಪಿಗೆ ಇಲ್ಲದಿದ್ದರೆ ‘ಸರಿಪಡಿಕೆ’ ಅನ್ನಿ.

ಉತ್ತರ: ಮೂರನೆಯವರು

ಗ್ಯಾರೇಜಿಗೆ ಕಾಲಿಟ್ಟು ಮಾತಾಡೋಣ. ಅಲ್ಲಿ ಸರಿಪಡಿಕೆಯೂ ಇಲ್ಲ, ಜೀರ್ಣೋದ್ಧಾರವೂ ಇಲ್ಲ. ಎಂಜಿನ್ ಬಿಚ್ಚಿ ಬೋರ್, ಪಿಸ್ಟನ್, ರಿಂಗ್, ಬೇರಿಂಗ್ ನೋಡಿ ಕಟ್ಟುವುದು ‘ಎಂಜಿನ್ ಕೆಲಸ’. ತಗಡಿನಲ್ಲಿ ಬಿದ್ದ ತಗ್ಗು ಎತ್ತುವುದು ‘ಟಿಂಕರಿಂಗ್’. ಗಿರಾಕಿಗೆ ಇವು ಗೊತ್ತು. ಎರವಲು ಅಂತ ಕೈಬಿಟ್ಟರೆ ದುರಸ್ತಿಯೂ ಹೋಗಬೇಕು, ಅದು ಪಾರ್ಸಿ. ಚಾವಿಯೂ ಮೇಸ್ತ್ರಿಯೂ ಪೋರ್ಚುಗೀಸರಿಂದ ಬಂದವು. ನಾಲಿಗೆಗೆ ಒಗ್ಗಿದ್ದನ್ನು ಕಿತ್ತು, ಯಾರೂ ಆಡದ್ದನ್ನು ಅಚ್ಚಗನ್ನಡ ಅಂತ ತುರುಕಬೇಡಿ.

ಆದರೆ ನನ್ನ ಪಟ್ಟಿಯಲ್ಲೂ ಇಡೀ ಕೆಲಸಕ್ಕೆ ಒಂದೇ ಹೆಸರಿಲ್ಲ. ಅದಕ್ಕೆ ಜೀರ್ಣೋದ್ಧಾರ ಒಪ್ಪುತ್ತೇನೆ. ಊರಿನ ಹನುಮಂತರಾಯನ ಗುಡಿ ಜೀರ್ಣೋದ್ಧಾರಕ್ಕೆ ಚಂದಾ ಕೊಟ್ಟ ಯಾರಿಗೂ ಆ ಪದ ಕಷ್ಟ ಅಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ಮೇಲೆ ದೊಡ್ಡದಾಗಿ ‘ಹಳೇ ಜಾವಾ, ಯೆಜ್ಡಿ ಜೀರ್ಣೋದ್ಧಾರ’. ಕೆಳಗೆ ಚಿಕ್ಕದಾಗಿ ‘ಎಂಜಿನ್ ಕೆಲಸ, ಟಿಂಕರಿಂಗ್, ಪೇಂಟಿಂಗ್’. ‘ಬಂಡಿ’ ನನಗೂ ಇಷ್ಟ. ಆದರೆ ಎತ್ತಿನ ಬಂಡಿಯ ಕೆಲಸಕ್ಕೆ ಜನ ಬಂದರೆ ಗೆಳೆಯನಿಗೆ ಕಷ್ಟ, ಅದನ್ನು ಬಿಟ್ಟಿದ್ದೇನೆ. ‘ದ್ಧ’ದ ಒತ್ತು ಎರಡು ಸಲ ನೋಡಿ ಬರೆಯಿರಿ ಅಂತ ಪೇಂಟರಿಗೆ ಈಗಲೇ ಹೇಳುತ್ತೇನೆ.