ಗೊನೆಯ ತಾಪತ್ರಯವಿಲ್ಲದ ಬಾಳೆ

ವಿಜಯದಶಮಿಯ ಸಂಜೆ. ಆಯುಧಪೂಜೆಗೆಂದು ನಾಣಿಯ ಮನೆಯ ಗೇಟಿಗೆ ಕಟ್ಟಿದ್ದ ಎರಡು ಬಾಳೆಕಂದುಗಳು ಆಗಲೇ ಎಲೆ ಜೋಲುಬಿಟ್ಟುಕೊಂಡು, ಮದುವೆ ಮುಗಿದ ಮರುದಿನದ ಹೆಣ್ಣಿನ ಕಡೆಯವರಂತೆ ನಿಂತಿದ್ದವು. ಒಳಗೆ ಸಿಮೆಂಟಿನ ಅಂಗಳದಲ್ಲಿ ನಾಣಿ ಮಣೆ ಹಾಕಿಕೊಂಡು ಕುಳಿತು, ದೊಡ್ಡದೊಂದು ಕುಂಡದಲ್ಲಿದ್ದ ಬಾಳೆಗಿಡದ ಎಲೆಯನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದ. ಎಡಗೈಯನ್ನು ಹಸುಗೂಸಿನ ಬೆನ್ನಿಗೆ ಕೊಟ್ಟ ಹಾಗೆ ಎಲೆಯ ಅಡಿಗೆ ಕೊಟ್ಟು, ಬಲಗೈಯಲ್ಲಿ ನಡುದಿಂಡಿನಿಂದ ಅಂಚಿನ ಕಡೆಗೆ ಮೆಲ್ಲಗೆ ಒಂದೊಂದೇ ಸಲ.

"ಇವತ್ತು ಎಲೆ ಊಟವೇನೋ?" ಎಂದು ಸುಬ್ಬು ಆಸೆಯಿಂದ ಬಗ್ಗಿದ.

"ಮುಟ್ಟಬೇಡ! ಇದು ಊಟದ ಎಲೆಯಲ್ಲ. ಆರ್ನಮೆಂಟಲ್ ಡ್ವಾರ್ಫ್ ಬನಾನ."

"ಅಂದರೆ?"

"ಅಲಂಕಾರಿಕ ಕುಬ್ಜ ಬಾಳೆ," ಎಂದು ಮೇಷ್ಟ್ರು ಅನುವಾದ ಮಾಡಿದರು.

"ಕನ್ನಡದಲ್ಲಿ ಕೇಳಿದ ಮೇಲೆ ಇನ್ನೂ ಭಯವಾಗುತ್ತಿದೆ," ಎಂದು ಶಾಮಣ್ಣ ಬೆತ್ತದ ಕುರ್ಚಿಯನ್ನು ಗಿಡದಿಂದ ಒಂದಡಿ ಹಿಂದಕ್ಕೆ ಎಳೆದುಕೊಂಡ. "ಎಷ್ಟು ಕೊಟ್ಟೆ?"

"ಗಿಡಕ್ಕೆ ಆರುನೂರ ಐವತ್ತು. ಕುಂಡಕ್ಕೆ ಸಾವಿರದ ಇನ್ನೂರು."

"ಹಣ್ಣು ಯಾವಾಗ?"

ನಾಣಿ ಇದೇ ಪ್ರಶ್ನೆಗೆ ಕಾಯುತ್ತಿದ್ದವನಂತೆ ಎದ್ದು ನಿಂತ. "ಅದೇ ಇದರ ವಿಶೇಷ. ನರ್ಸರಿಯವನು ಸ್ಪಷ್ಟವಾಗಿ ಹೇಳಿದ್ದಾನೆ. ಐದಾರು ಅಡಿಗಿಂತ ಎತ್ತರ ಹೋಗುವುದಿಲ್ಲ. ಗುಲಾಬಿ ಬಣ್ಣದ ಹೂವು ನೆಟ್ಟಗೆ ಮೇಲಕ್ಕೆ ನಿಲ್ಲುತ್ತದೆ. ಬೆರಳುದ್ದದ ಗುಲಾಬಿ ಕಾಯಿಗಳು, ಮೈಮೇಲೆ ಮಖಮಲ್ಲಿನಂಥ ನವಿರು. ಎಲ್ಲವೂ ನೋಡುವುದಕ್ಕೆ, ತಿನ್ನುವುದಕ್ಕಲ್ಲ. ಗೊನೆಯ ತಾಪತ್ರಯವೇ ಇಲ್ಲ."

"ತಾಪತ್ರಯ!" ಶಾಮಣ್ಣ ಆ ಪದವನ್ನು ಬಾಯಲ್ಲಿ ಹಾಕಿಕೊಂಡು ಅಡಿಕೆಯಂತೆ ಜಗಿದ. "ಸರಿ ಹಾಗಾದರೆ. ಹಾಲಿನ ತಾಪತ್ರಯವಿಲ್ಲದ ಹಸುವನ್ನೂ ಒಂದು ತಂದು ಕಟ್ಟು. ಕೊಂಬಿಗೆ ಬಣ್ಣ ಬಳಿದು ದಿನಾ ಒರೆಸು. ಮೊಟ್ಟೆಯ ತಾಪತ್ರಯವಿಲ್ಲದ ಕೋಳಿ, ಎಳನೀರಿನ ತಾಪತ್ರಯವಿಲ್ಲದ ತೆಂಗು. ನಾನಿದ್ದ ಕಚೇರಿಯಲ್ಲಿ ಒಬ್ಬರಿದ್ದರು, ಕೆಲಸದ ತಾಪತ್ರಯವಿಲ್ಲದ ಸೂಪರಿಂಟೆಂಡೆಂಟರು. ನೋಡಲು ಬಲು ಲಕ್ಷಣ. ಮೂಲೆಯಲ್ಲಿ ಫ್ಯಾನಿನ ಕೆಳಗೆ ಇಟ್ಟಿದ್ದರು. ಆಗ ನಮಗೆ ತಿಳಿಯಲಿಲ್ಲ, ಅವರು ಅಲಂಕಾರಿಕ ಜಾತಿ ಎಂದು."

"ಎಲ್ಲ ಮನೆಯಲ್ಲೂ ಒಬ್ಬೊಬ್ಬರು ಇರುತ್ತಾರೆ, ಶಾಮಣ್ಣ," ಎಂದು ಪದ್ಮಮ್ಮ ಕಾಫಿಯ ತಟ್ಟೆಯನ್ನು ಇಟ್ಟು, ಗಂಡನ ಕಡೆ ನೋಡದೆ ಒಳಗೆ ಹೋದರು.

ನಾಣಿಗೆ ಬೆಂಬಲ ಬೇಕಾಯಿತು. ಮೇಷ್ಟ್ರ ಕಡೆ ತಿರುಗಿದ. ಸಸ್ಯಶಾಸ್ತ್ರ ಪಾಠ ಮಾಡಿ ನಿವೃತ್ತರಾದವರಿಗೆ ಯಾರಾದರೂ ಬೆಂಬಲ ಕೇಳಿದರೆ ಮುಕ್ಕಾಲು ಗಂಟೆಯ ಪೀರಿಯಡ್ಡು ಶುರುವಾದಂತೆಯೇ.

"ಇದು ಮೂಸಾ ವೆಲುಟಿನಾ," ಎಂದರು ಮೇಷ್ಟ್ರು. "ಅಸ್ಸಾಂ, ಅರುಣಾಚಲದ ಕಡೆಯ ಕಾಡುಬಾಳೆ. ವಿದೇಶಿ ಎಂದು ಮಾರುತ್ತಾರೆ, ಆದರೆ ನಮ್ಮ ದೇಶದ್ದೇ. ಇದರದ್ದೊಂದು ವಿಚಿತ್ರವಿದೆ: ಹಣ್ಣಾದಾಗ ಸಿಪ್ಪೆ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ. ಯಾರೂ ಸುಲಿಯಬೇಕಾಗಿಲ್ಲ."

"ನೋಡಿದೆಯಾ!" ಎಂದ ನಾಣಿ. "ಸುಲಿದ ಬಾಳೆಹಣ್ಣು ಎಂದು ನಾವು ಬರೀ ಕನ್ನಡಕ್ಕೆ ಹೇಳುತ್ತಿದ್ದೆವು. ಇಲ್ಲಿ ನಿಜವಾಗಿಯೇ ಇದೆ."

"ಒಳಗೆ ಏನಿರುತ್ತದೆ ಎಂದೂ ಹೇಳಿ, ಮೇಷ್ಟ್ರೇ," ಎಂದ ಶಾಮಣ್ಣ.

"ಬೀಜ. ಕಪ್ಪಗೆ, ಗಟ್ಟಿಯಾಗಿ, ಒತ್ತೊತ್ತಾಗಿ. ನಡುವೆ ಅಷ್ಟಿಷ್ಟು ತಿರುಳು."

"ಬಾಯಿ ತುಂಬ ಜಲ್ಲಿ," ಎಂದ ಸುಬ್ಬು. ಎಲ್ಲರೂ ಅವನನ್ನು ನೋಡಿದರು. ಅವನು ಕಾಫಿಯ ಲೋಟದೊಳಗೆ ನೋಡಿದ.

ನಾಣಿಯ ಮುಖ ನಿಧಾನವಾಗಿ ಬದಲಾಯಿತು. "ಹೋದ ತಿಂಗಳು ಸತ್ಯನಾರಾಯಣ ಪೂಜೆಯ ದಿನ ಒಂದು ಕಾಯಿ ಕಡಿಮೆಯಾಗಿತ್ತು. ನಾನು ಅಳಿಲು ಎಂದುಕೊಂಡಿದ್ದೆ. ಅಳಿಲಿಗೆಂದು ನಾನ್ನೂರು ರೂಪಾಯಿ ಕೊಟ್ಟು ಬಲೆ ತಂದೆ!"

"ಪ್ರಸಾದ ತಡವಾಗಿತ್ತು," ಎಂದ ಸುಬ್ಬು. "ಅದೂ ಅಲ್ಲದೆ, ಅದು ತಾನಾಗಿಯೇ ಬಿಚ್ಚಿಕೊಂಡು ಬಾ ಬಾ ಎನ್ನುತ್ತಿತ್ತು. ನಾನೇನೂ ಸುಲಿಯಲಿಲ್ಲ."

ಸುಲಿಯದೆ ತಿಂದದ್ದು ಕಳ್ಳತನವೋ ಅಲ್ಲವೋ ಎನ್ನುವ ಚರ್ಚೆ ಸ್ವಲ್ಪ ಹೊತ್ತು ನಡೆಯಿತು. ಆಮೇಲೆ ಮೇಷ್ಟ್ರು ಅದನ್ನು ಮತ್ತೆ ಸಿಲಬಸ್ಸಿಗೆ ಎಳೆದು ತಂದರು. ಕಾಡಿನ ಬಾಳೆಗೆಲ್ಲ ಬೀಜವಿರುತ್ತದೆ. ನಾವು ತಿನ್ನುವ ಬಾಳೆಗಳಲ್ಲಿ ಹೆಚ್ಚಿನವಕ್ಕೆ ವರ್ಣತಂತುಗಳು ಎರಡು ಸೆಟ್ಟಿನ ಬದಲು ಮೂರು ಸೆಟ್ಟು ಇರುವುದರಿಂದ ಬೀಜ ಕಟ್ಟುವುದೇ ಇಲ್ಲ. ಕಂದು ಕಿತ್ತು ನೆಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಹಾಗಾಗಿ ಮನುಷ್ಯರ ಕೈಯಿಂದ ಕೈಗೆ ದಾಟುತ್ತಲೇ ಅದು ಇಷ್ಟು ದೂರ ಬಂದದ್ದು.

"ಅಂದರೆ ತಿನ್ನುವ ಬಾಳೆಗೆ ಬೀಜವಿಲ್ಲ, ಬೀಜವಿರುವ ಬಾಳೆ ತಿನ್ನಲಾಗುವುದಿಲ್ಲ," ಎಂದ ಶಾಮಣ್ಣ. "ಭಗವಂತ ಲೆಕ್ಕ ಸರಿಯಾಗಿಯೇ ಇಟ್ಟಿದ್ದಾನೆ. ಇವನು ಹೋಗಿ ಹೋಗಿ ತಪ್ಪು ಕಾಲಮ್ಮಿನಲ್ಲಿ ದುಡ್ಡು ಕಟ್ಟಿ ಬಂದಿದ್ದಾನೆ, ಅಷ್ಟೇ. ಮೂವತ್ತು ವರ್ಷ ಬ್ಯಾಂಕಿನಲ್ಲಿದ್ದವನು!"

"ಚಂದಕ್ಕೆ ಬಾಳೆ ಸಾಕುವುದು ನಾಣಿಯಿಂದಲೇ ಶುರುವಾದದ್ದಲ್ಲ," ಎಂದು ಮೇಷ್ಟ್ರು ನ್ಯಾಯದ ಪಕ್ಷ ಹಿಡಿದರು. "ಇಂಗ್ಲೆಂಡಿನಲ್ಲಿ ಡೆವನ್‌ಶೈರಿನ ಆರನೆಯ ಡ್ಯೂಕ್ ಇದ್ದ. ಮನೆತನದ ಹೆಸರು ಕ್ಯಾವೆಂಡಿಷ್. 1830ರ ಸುಮಾರಿಗೆ ಮಾರಿಷಸ್ಸಿನಿಂದ ಬಂದ ಒಂದು ಗಿಡ್ಡ ಬಾಳೆಯನ್ನು ಅವನ ತೋಟಗಾರ ಜೋಸೆಫ್ ಪ್ಯಾಕ್ಸ್‌ಟನ್ ತರಿಸಿ, ಬಿಸಿಯೂಡಿದ ಗಾಜಿನ ಮನೆಯಲ್ಲಿ ಬೆಳೆಸಿದ. 1835ರಲ್ಲಿ ಅದು ಹೂವು ಬಿಟ್ಟಿತು. ದಣಿಯ ಹೆಸರನ್ನೇ ಗಿಡಕ್ಕೆ ಇಟ್ಟ. ಈಗ ದೇಶದಿಂದ ದೇಶಕ್ಕೆ ಮಾರಾಟವಾಗುವುದು ಹೆಚ್ಚಾಗಿ ಅದೇ ಕ್ಯಾವೆಂಡಿಷ್ ಬಳಗದ ಹಣ್ಣು. ನಮ್ಮ ತಳ್ಳುಗಾಡಿಯ ಪಚ್ಚಬಾಳೆಯೂ ಅದೇ ಬಳಗ."

"ಡ್ಯೂಕಿನ ಮನೆತನ ನಮ್ಮ ಬೀದಿಯಲ್ಲಿ ಕೆ.ಜಿ. ಲೆಕ್ಕದಲ್ಲಿ ಮಾರಾಟವಾಗುತ್ತಿದೆ ಎನ್ನಿ," ಎಂದ ಸುಬ್ಬು.

"ಇನ್ನೊಂದು ಕೇಳಿ. 1851ರಲ್ಲಿ ಲಂಡನ್ನಿನಲ್ಲಿ ತೆರೆದ ಕ್ರಿಸ್ಟಲ್ ಪ್ಯಾಲೇಸ್ ಎಂಬ ಗಾಜಿನ ಕಟ್ಟಡದ ವಿನ್ಯಾಸ ಮಾಡಿದವನೂ ಅದೇ ಪ್ಯಾಕ್ಸ್‌ಟನ್. ಅದನ್ನು ನೋಡಿಯೇ ನಮ್ಮ ಲಾಲ್‌ಬಾಗಿನ ಗಾಜಿನ ಮನೆ ಕಟ್ಟಿದ್ದು, 1889ರಲ್ಲಿ ಅಡಿಗಲ್ಲು."

ಫ್ಲವರ್ ಶೋ ದಿನ ಗಾಜಿನ ಮನೆಯ ಜನಜಂಗುಳಿಯಲ್ಲಿ ಚಪ್ಪಲಿ ಕಳೆದುಕೊಂಡ ನಾವು ಯಾರೂ, ಆ ಸೂರಿಗೂ ಬಾಳೆಗಿಡಕ್ಕೂ ಇಂಥ ನೆಂಟಸ್ತಿಕೆ ಇದೆಯೆಂದು ಯೋಚಿಸಿರಲಿಲ್ಲ. ಎಲ್ಲರೂ ಒಂದು ಕ್ಷಣ ಸುಮ್ಮನಾದೆವು. ನಾಣಿಯಂತೂ ತಾನೇ ಅಡಿಗಲ್ಲು ಹಾಕಿದವನಂತೆ ಬೀಗಿದ.

"ಅಷ್ಟೆಲ್ಲ ಆಗಿ, ಡ್ಯೂಕಿನ ಬಾಳೆ ಹಣ್ಣು ಕೊಟ್ಟಿತೋ ಇಲ್ಲವೋ?" ಎಂದ ಶಾಮಣ್ಣ.

"ಕೊಟ್ಟಿತು."

"ಮತ್ತೆ! ಗಾಜಿನ ಮನೆ ಕಟ್ಟಿಸಿಕೊಂಡ ಶ್ರೀಮಂತನೂ ಹಣ್ಣಿನ ತಾಪತ್ರಯ ಬೇಡವೆನ್ನಲಿಲ್ಲ. ನೋಡು ನಾಣಿ, ಗಿಡ್ಡವಾಗಿರುವುದು ನನಗೆ ಬೇಸರವಲ್ಲ. ನಾನೂ ಗಿಡ್ಡವೇ. ಆದರೆ ಬಾಳೆ ಎಂದರೆ ಏನು? ಎಲೆ ಹಾಸಿದರೆ ಊಟ. ಹೂವು ಬಿಡಿಸಿದರೆ ಪಲ್ಯ. ದಿಂಡು ಕೊಚ್ಚಿದರೆ ಕೋಸಂಬರಿ. ಪಟ್ಟೆ ಒಣಗಿದರೆ ಹೂ ಕಟ್ಟುವ ನಾರು. ಒಣ ಎಲೆ ಹಂಡೆಯ ಒಲೆಗೆ. ಬೇಸಿಗೆಯಲ್ಲಿ ಕಪಿಲೆಯಲ್ಲಿ ಈಜು ಕಲಿತದ್ದು ಬಾಳೆಯ ಬೊಡ್ಡೆಯನ್ನು ಹೊಟ್ಟೆಗೆ ಕೊಟ್ಟುಕೊಂಡು. ಇಷ್ಟೆಲ್ಲ ಕೊಡುವ ಗಿಡವನ್ನು ಹಿಡಿದು, 'ನೀನೇನೂ ಕೊಡಬೇಡ, ಸುಮ್ಮನೆ ನಿಂತಿರು, ಫೋಟೋ ತೆಗೆಯುತ್ತೇನೆ' ಎಂದರೆ ಅದಕ್ಕೆ ಎಷ್ಟು ಅವಮಾನ!"

"ರಂಭೆ ಎಂದರೆ ಸಂಸ್ಕೃತದಲ್ಲಿ ಬಾಳೆಯೇ," ಎಂದು ನಾಣಿ ಕೊನೆಯ ಅಸ್ತ್ರ ಬಿಟ್ಟ. "ಚೆಲುವಿಗೆ ಬೆಲೆಯಿಲ್ಲವೇ?"

"ಇದೆ. ಆದರೆ ರಂಭೆ ಇಂದ್ರನ ಸಭೆಯಲ್ಲಿ ಕುಣಿಯುತ್ತಿದ್ದಳು, ಅದೂ ಕೆಲಸವೇ. ನಿನ್ನ ರಂಭೆಗೆ ಗಾಳಿ ಬೀಸಿದರೆ ಕುಣಿಯುವ ಸ್ವಾತಂತ್ರ್ಯವೂ ಇಲ್ಲ. ಎಲೆ ಹರಿಯುತ್ತದೆಂದು ಸುತ್ತ ಹಸಿರು ಬಲೆ ಕಟ್ಟಿದ್ದೀಯೆ."

"ಎಲೆ ಹರಿಯಲೇಬೇಕು," ಎಂದರು ಮೇಷ್ಟ್ರು. "ಅಷ್ಟಗಲದ ಎಲೆ ಹರಿಯದೆ ಗಾಳಿಗೆ ಎದುರು ನಿಂತರೆ ಗಿಡವೇ ಬುಡಮೇಲಾಗುತ್ತದೆ. ಬಾಳೆ ಮರವಲ್ಲ, ಕಟ್ಟಿಗೆಯಿಲ್ಲದ ಮೆತ್ತನೆ ಗಿಡ, ಶಾಸ್ತ್ರದಲ್ಲಿ ಮೂಲಿಕೆ. ನೀವು ಬೊಡ್ಡೆ ಎನ್ನುವುದೆಲ್ಲ ಎಲೆಗಳ ಬುಡ ಒಂದರೊಳಗೊಂದು ಸುತ್ತಿಕೊಂಡಿರುವುದು. ನಿಜವಾದ ಕಾಂಡ ನೆಲದೊಳಗಿನ ಗಡ್ಡೆ."

ಸುಬ್ಬುವಿಗೆ ಹಸಿವಾಗಿತ್ತು, ಮಾತು ಹಣ್ಣಿನ ಕಡೆ ಹೊರಳಲಿ ಎಂದು ನೂಕಿದ. "ಈಗ ಅಂಗಡಿಯ ಹಣ್ಣಿಗೆ ರುಚಿಯೇ ಇಲ್ಲ. ಹೊರಗೆ ಅರಿಶಿನದಂಥ ಬಣ್ಣ, ಒಳಗೆ ಗಟ್ಟಿ."

"ಅವೂ ಅಲಂಕಾರಿಕವೇ," ಎಂದ ಶಾಮಣ್ಣ. "ಈಚೆಗೆ ನಾನು ತಿಂದ ಒಳ್ಳೆಯ ಬಾಳೆಹಣ್ಣು ಎಂದರೆ ಸಂಕ್ರಾಂತಿಗೆ ಈ ಮನೆಯಲ್ಲಿ ಕೊಟ್ಟ ಏಲಕ್ಕಿ. ಯಾವ ಅಂಗಡಿಯದೆಂದು ಕೇಳಬೇಕು ಅಂದುಕೊಂಡು ಮರೆತೇ ಹೋಯಿತು."

"ಪದ್ಮ ತಂದಿರಬೇಕು," ಎಂದ ನಾಣಿ, ಎಲೆಯ ಮೇಲೆ ಕುಳಿತ ಧೂಳಿನ ಕಣವೊಂದನ್ನು ಉಗುರಿನಿಂದ ತೆಗೆಯುತ್ತ.

"ನಿಮ್ಮ ಕಡೆಯ ರಸಬಾಳೆ ಏನಾಯಿತೋ, ಶಾಮಣ್ಣ?" ಎಂದು ಸುಬ್ಬು ಕೇಳಿದ. ಕೇಳಬಾರದಿತ್ತು.

ಶಾಮಣ್ಣ ಲೋಟ ಕೆಳಗಿಟ್ಟ. "ನಮ್ಮ ಹಿತ್ತಿಲಿನಲ್ಲಿ ಬಚ್ಚಲ ನೀರು ಹೋಗುವ ಕಡೆ ಏಳೆಂಟು ಬುಡ ಇತ್ತು. ಅದಕ್ಕೆ ಯಾರೂ ನೀರು ಹಾಕಿದ್ದು ನಾನು ನೋಡಿಲ್ಲ. ಮನೆಯವರೆಲ್ಲ ಸ್ನಾನ ಮಾಡಿದರೆ ಆಯಿತು, ಬಾಳೆಗೂ ಆಯಿತು. ಸ್ನಾನ ಮಾಡದೆ ಕಳ್ಳಾಟ ಆಡಿದರೆ ಅಮ್ಮ ಹೇಳುತ್ತಿದ್ದಳು, 'ಬಾಳೆ ಬಾಯಾರಿದೆ, ಹೋಗೋ' ಎಂದು. ಕೋಣೆಯಲ್ಲಿ ಒಂದು ಗೊನೆ ಹಣ್ಣಾಗಲು ಇಟ್ಟರೆ ಬೀದಿಗೆಲ್ಲ ಗೊತ್ತಾಗುತ್ತಿತ್ತು, ಆ ಪರಿಮಳಕ್ಕೆ. ಒಂದು ವರ್ಷ ಎಲೆಯ ಅಂಚು ಹಳದಿಯಾಯಿತು. ಎಲೆಗಳು ತೊಟ್ಟಿನ ಹತ್ತಿರ ಮುರಿದು ಲಂಗದ ಹಾಗೆ ಬೊಡ್ಡೆಯ ಸುತ್ತ ಜೋತುಬಿದ್ದವು. ಬುಡ ಸೀಳಿತು. ಅಪ್ಪ ಕತ್ತರಿಸಿ ನೋಡಿದರೆ ಒಳಗೆ ಕೆಂಪು-ಕಂದು ಗೀರು."

"ಪನಾಮ ಸೊರಗು ರೋಗ," ಎಂದರು ಮೇಷ್ಟ್ರು, ಈ ಸಲ ಪಾಠದ ದನಿಯಿಲ್ಲದೆ. "ಮಣ್ಣಿನ ಶಿಲೀಂಧ್ರ. ಒಮ್ಮೆ ಸೇರಿದರೆ ಹತ್ತಾರು ವರ್ಷ ಮಣ್ಣಿನಲ್ಲೇ ಇರುತ್ತದೆ. ಎಲ್ಲ ಗಿಡವೂ ಒಂದೇ ತಾಯಿಯ ತುಂಡಲ್ಲವೇ, ಒಂದಕ್ಕೆ ತಡೆಯುವ ಶಕ್ತಿ ಇಲ್ಲದಿದ್ದರೆ ಯಾವುದಕ್ಕೂ ಇಲ್ಲ. ನಂಜನಗೂಡು ರಸಬಾಳೆಗೆ ಆ ಊರಿನದೇ ಹಣ್ಣೆಂಬ ಭೌಗೋಳಿಕ ಮಾನ್ಯತೆ ಸಿಗುವ ಹೊತ್ತಿಗೆ ನಂಜನಗೂಡಿನಲ್ಲಿ ತೋಟಗಳು ಬೆರಳೆಣಿಕೆಗೆ ಇಳಿದಿದ್ದವು."

"ಅಪ್ಪ ಮೂರು ಸಲ ಬೇರೆ ಬೇರೆ ಕಡೆಯಿಂದ ಕಂದು ತಂದು ನೆಟ್ಟರು. ಮೂರು ಸಲವೂ ಮಂಡಿಯೆತ್ತರ ಬಂದು ಹೋಯಿತು. ಆಮೇಲೆ ಆ ಜಾಗಕ್ಕೆ ಕಲ್ಲು ಹಾಸಿದರು. ಬಚ್ಚಲ ನೀರು ಮಾತ್ರ ಎಷ್ಟೋ ದಿನ ಅಲ್ಲಿಗೇ ಹೋಗಿ ನಿಲ್ಲುತ್ತಿತ್ತು."

ಯಾರೂ ಮಾತಾಡಲಿಲ್ಲ. ನಾಣಿಯ ಬಟ್ಟೆಯಿಂದ ಕುಂಡದ ಅಂಚಿಗೆ ನೀರು ತೊಟ್ಟಿಕ್ಕುತ್ತಿತ್ತು. ಶಾಮಣ್ಣನಿಗೇ ಆ ಮೌನ ಸರಿಬೀಳಲಿಲ್ಲವೆಂದು ಕಾಣುತ್ತದೆ. ಗೇಟಿನ ಕಡೆ ಕೈ ತೋರಿಸಿ ಮತ್ತೆ ದನಿ ಏರಿಸಿದ. "ಹೋಗಲಿ, ಅದನ್ನಾದರೂ ಹೇಳು. ಬಾಳೆಗೆ ಎರಡು ಸಾವಿರ ಸುರಿದ ಮನೆಯಲ್ಲಿ ಹಬ್ಬಕ್ಕೆ ಬಾಳೆಕಂದು ಮಾರುಕಟ್ಟೆಯಿಂದ ಕೊಂಡು ತರಬೇಕಾಯಿತಲ್ಲ!"

"ಕೊಂಡದ್ದು ಯಾರು?" ಎಂದು ಪದ್ಮಮ್ಮ ಬಾಗಿಲಿಗೆ ಬಂದರು. "ಉಪ್ಪಿಟ್ಟು ಆಗಿದೆ. ನಿನ್ನೆಯ ಒಬ್ಬಟ್ಟೂ ಇದೆ. ಹಬ್ಬದ ಪಾತ್ರೆಗಳೇ ಇನ್ನೂ ತೊಳೆಯುವುದಕ್ಕಿವೆ, ತಟ್ಟೆಗಳನ್ನು ಮೇಲೆ ಹಾಕುವುದಿಲ್ಲ. ಯಾರಾದರೂ ಹಿಂದೆ ಬಂದು ನಾಲ್ಕು ಎಲೆ ಹಿಡಿದುಕೊಳ್ಳಿ."

ಹಿಂದೆ? ಹದಿನೈದು ವರ್ಷದಿಂದ ಈ ಮನೆಗೆ ಬರುತ್ತಿದ್ದರೂ ನಾವು ಬೆತ್ತದ ಕುರ್ಚಿ ದಾಟಿ ಹೋದವರಲ್ಲ. ಎಲ್ಲರೂ ಸಾಲಾಗಿ ಅಡುಗೆಮನೆ ಹಾಯ್ದು ಹೋದೆವು. ಕಾಂಪೌಂಡು ಗೋಡೆಗೂ ಬಟ್ಟೆ ಒಗೆಯುವ ಕಲ್ಲಿಗೂ ನಡುವೆ ಸಿಮೆಂಟು ಹಾಕಲು ಮರೆತ ಮೂರಡಿ ಮಣ್ಣು. ವಾಷಿಂಗ್ ಮೆಷೀನಿನ ಕೊಳವೆ ಅಲ್ಲಿಗೇ ಬಂದು ಮುಗಿಯುತ್ತಿತ್ತು. ಅಲ್ಲಿ ಗೋಡೆಗಿಂತ ಎತ್ತರಕ್ಕೆ ಮೂರು ಬಾಳೆ. ಗಾಳಿಗೆ ಹರಿದು ಚಿಂದಿಯಾದ ಹಳೆಯ ಎಲೆಗಳು, ನಡುವೆ ಕೊಳವೆಯ ಹಾಗೆ ಸುರುಳಿ ಬಿಚ್ಚುತ್ತಿದ್ದ ಹೊಸತು. ಬುಡದ ಹತ್ತಿರ ಕಂದು ಕತ್ತರಿಸಿದ ಎರಡು ಹಸಿ ಗುರುತು.

"ಆಚೆ ವರ್ಷದ ಆಯುಧಪೂಜೆಯದು," ಎಂದರು ಪದ್ಮಮ್ಮ. "ಹಬ್ಬ ಮುಗಿದ ಮೇಲೆ ಬಿಸಾಡಲು ಹೋದಾಗ ಒಂದಕ್ಕೆ ಗಡ್ಡೆ ಇತ್ತು. ಇಲ್ಲಿ ಚುಚ್ಚಿದೆ. ಸಂಕ್ರಾಂತಿಗೆ ನೀವೆಲ್ಲ ತಿಂದಿರಲ್ಲ, ಅದು ಯಾವ ಅಂಗಡಿಯದು ಎಂದುಕೊಂಡಿರಿ?"

ಶಾಮಣ್ಣ ನಾಣಿಯ ಕಡೆ ತಿರುಗಿದ. "ನಿನಗೆ ಇದು ಗೊತ್ತಿತ್ತೇ?"

"ಗೊತ್ತಿಲ್ಲದೆ ಏನು, ಹಸಿರಾಗಿ ಏನೋ ಇದೆ ಎಂದು ಗೊತ್ತಿತ್ತು," ಎಂದ ನಾಣಿ. "ಆದರೆ ಇದು ಬರೀ ಬಾಳೆ."

ಶಾಮಣ್ಣ ಏನೋ ಹೇಳಲು ಬಾಯಿ ತೆರೆದು, ಸುಮ್ಮನಾಗಿ, ಪದ್ಮಮ್ಮ ಕುಯ್ದು ಕೊಟ್ಟ ಎಲೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ಒಳಗೆ ನೆಲದ ಮೇಲೆ ಕುಳಿತು, ಕುಡಿ ಎಡಕ್ಕೆ ಬರುವಂತೆ ತಿರುಗಿಸಿಕೊಂಡು, ನೀರು ಚಿಮುಕಿಸಿ ಅಂಗೈಯಿಂದ ಒಂದೇ ಸಲ ಒರೆಸಿದ. ಸುಬ್ಬುವಿನ ಎಲೆಗೆ ಆಗಲೇ ಉಪ್ಪಿಟ್ಟು ಬಿದ್ದಿತ್ತು. ಮೇಷ್ಟ್ರು ಎಲೆಯ ಸಮಾನಾಂತರ ನರಗಳ ಬಗ್ಗೆ ಶುರುಮಾಡಿ, ಒಬ್ಬಟ್ಟು ಕಂಡು ನಿಲ್ಲಿಸಿದರು.

ನಾಣಿ ಅಡುಗೆಮನೆಯ ಬಾಗಿಲಲ್ಲಿ ಸ್ಟೀಲಿನ ತಟ್ಟೆ ಹಿಡಿದು ನಿಂತಿದ್ದ.

"ನಿಮಗೆ ಮುಂದಿನದರಿಂದ ಒಂದು ಕುಯ್ದು ಕೊಡಲೇ?" ಎಂದರು ಪದ್ಮಮ್ಮ. "ಹೇಗೂ ಒರೆಸಿಟ್ಟಿದ್ದೀರಿ."