ಹೊಕ್ಕುಳ ಬಳ್ಳಿಯಲ್ಲಿ ಒಂದೇ ಆರ್ಟರಿ ಅಂತ ರಿಪೋರ್ಟ್ ಬಂದಿದೆ, ಮಗುವಿಗೆ ತೊಂದರೆ ಇದೆಯಾ?

ಕಾಪುವಿನಿಂದ:
ನನಗೆ ಇದು ಮೊದಲನೆಯದು, ಈಗ 20 ವಾರ. ಮೊನ್ನೆ ಉಡುಪಿಯಲ್ಲಿ ಮಗುವಿನ ಅಂಗಗಳನ್ನು ನೋಡುವ ಅನಾಮಲಿ ಸ್ಕ್ಯಾನ್ ಆಯ್ತು. ರಿಪೋರ್ಟಿನ ಕೊನೆಯಲ್ಲಿ ‘ಸಿಂಗಲ್ ಅಂಬಿಲಿಕಲ್ ಆರ್ಟರಿ’ ಎಂದು ಬರೆದಿದ್ದಾರೆ. ಏನು ಅಂತ ಕೇಳಿದೆ. ‘ನಿಮ್ಮ ಡಾಕ್ಟರಿಗೆ ತೋರಿಸಿ’ ಎಂದು ಮುಂದಿನವರನ್ನು ಕರೆದರು. ನಮ್ಮ ಡಾಕ್ಟರ್ ಸಿಗುವುದು ಸೋಮವಾರ. ಮೊಬೈಲಿನಲ್ಲಿ ಹುಡುಕಿದರೆ ಹೃದಯ, ಕಿಡ್ನಿ, ಕ್ರೋಮೋಸೋಮ್ ಎಂದೆಲ್ಲ ಬರುತ್ತದೆ. ಗಂಡ ದೋಹಾದಲ್ಲಿದ್ದಾರೆ, ಅವರಿಗೂ ನಿದ್ದೆ ಇಲ್ಲ. ಬಟ್ಟೆ ಒಣಗಿಸಲು ಕೈ ಮೇಲೆತ್ತಿದ್ದಕ್ಕೇ ಬಳ್ಳಿ ಹೀಗಾಯ್ತು ಅಂತ ಅತ್ತೆ ಹೇಳುತ್ತಾರೆ. ನನ್ನಿಂದಲೇ ಆಯ್ತಾ? ಗೊತ್ತಿದ್ದವರು ದಯವಿಟ್ಟು ಹೇಳಿ.

ಸುರತ್ಕಲ್ ಅಮ್ಮ:
ನನ್ನ ಎರಡನೇ ಮಗನಿಗೂ ಇದೇ ಇತ್ತು. ಹೊಟ್ಟೆಯಲ್ಲಿರುವಾಗಲೇ ಮಗುವಿನ ಎಕೋ, ಅಂದರೆ ಹೃದಯದ ಸ್ಕ್ಯಾನ್ ಮಾಡಿಸಿದರು, ಆಮೇಲೆ ಬೆಳವಣಿಗೆ ನೋಡಲು ಮತ್ತೆ ಸ್ಕ್ಯಾನ್ ಇತ್ತು. ಹುಟ್ಟುವಾಗ ತೂಕ ಸ್ವಲ್ಪ ಕಡಿಮೆ, ಅಷ್ಟೆ. ಈಗ ಅಂಗನವಾಡಿಗೆ ಹೋಗುತ್ತಾನೆ. ಧೈರ್ಯವಾಗಿರಿ. ಆದರೆ ಎಕೋ ಮಾತ್ರ ಬಿಡಬೇಡಿ.

ನಿವೃತ್ತ ಸಿಸ್ಟರ್, ಮಂಗಳೂರು:
ನೋಡು ಮಗಾ, ಮೊದಲು ಅತ್ತೆಯ ಮಾತಿಗೆ ಉತ್ತರ ಹೇಳುತ್ತೇನೆ. ಕೈ ಎತ್ತಿದ್ದಕ್ಕೆ, ಭಾರ ಎತ್ತಿದ್ದಕ್ಕೆ, ಗ್ರಹಣಕ್ಕೆ ಇದು ಆಗುವುದಿಲ್ಲ. ಬಳ್ಳಿ ರೂಪುಗೊಳ್ಳುವುದು ಮೊದಲ ಕೆಲವೇ ವಾರಗಳಲ್ಲಿ. ಆಗ ಎಷ್ಟೋ ಜನಕ್ಕೆ ಬಸುರಿ ಅಂತಲೇ ಗೊತ್ತಿರುವುದಿಲ್ಲ. ನಿನ್ನ ತಪ್ಪು ಇದರಲ್ಲಿ ಏನೂ ಇಲ್ಲ.

ಬಳ್ಳಿಯಲ್ಲಿ ಸಾಮಾನ್ಯವಾಗಿ ಮೂರು ರಕ್ತನಾಳ. ದೊಡ್ಡದು ವೇನ್, ಅದು ಮಾಸಿನಿಂದ (ಪ್ಲಾಸೆಂಟಾದಿಂದ) ಮಗುವಿಗೆ ಆಮ್ಲಜನಕ, ಆಹಾರ ತರುತ್ತದೆ. ಎರಡು ಸಣ್ಣ ಆರ್ಟರಿಗಳು ಮಗುವಿನ ರಕ್ತವನ್ನು ಮಾಸಿಗೆ ವಾಪಸ್ ಒಯ್ಯುತ್ತವೆ. ನಿನ್ನ ಮಗುವಿಗೆ ಆ ಎರಡರಲ್ಲಿ ಒಂದು ಇಲ್ಲ. ನೂರು ಬಸುರಿಯರಲ್ಲಿ ಹೆಚ್ಚುಕಡಿಮೆ ಒಬ್ಬರಿಗೆ ಹೀಗಿರುತ್ತದೆ. ಅವಳಿ ಇದ್ದರೆ, ತಾಯಿಗೆ ಮೊದಲಿಂದಲೇ ಸಕ್ಕರೆ ಕಾಯಿಲೆ ಇದ್ದರೆ ಇನ್ನೂ ಜಾಸ್ತಿ. ಇರುವ ಒಂದು ಆರ್ಟರಿ ಸ್ವಲ್ಪ ಅಗಲವಾಗಿ ಎರಡರ ಕೆಲಸವನ್ನೂ ಮಾಡುತ್ತದೆ.

ಇನ್ನು ಅಂಗವೈಕಲ್ಯದ ಭಯ. ಆರ್ಟರಿ ಇಲ್ಲದ್ದಕ್ಕೆ ಹೃದಯ ಕೆಡುತ್ತದೆ ಅಂತ ಅಲ್ಲ. ಹೃದಯ, ಕಿಡ್ನಿ ಸರಿಯಾಗಿ ಬೆಳೆಯದ ಕೆಲವು ಮಕ್ಕಳಲ್ಲಿ ಬಳ್ಳಿಯೂ ಹೀಗಿರುತ್ತದೆ. ಎಡ್ವರ್ಡ್ಸ್ ಸಿಂಡ್ರೋಮ್‌ನಂತಹ ಕ್ರೋಮೋಸೋಮ್ ತೊಂದರೆಯಲ್ಲೂ ಇದು ಕಾಣುತ್ತದೆ, ಆದರೆ ಅಲ್ಲಿ ಸಾಮಾನ್ಯವಾಗಿ ಬೇರೆ ದೋಷಗಳೂ ಜೊತೆಗಿರುತ್ತವೆ. ಅದಕ್ಕೇ ಇದನ್ನು ಕಂಡ ಕೂಡಲೇ ಉಳಿದ ಅಂಗಗಳನ್ನು ಇನ್ನೊಮ್ಮೆ ಸರಿಯಾಗಿ ನೋಡಬೇಕು ಅನ್ನುವುದು. ಉಳಿದದ್ದೆಲ್ಲ ಸರಿ ಇದ್ದರೆ ಬಹುಪಾಲು ಮಕ್ಕಳು ಚೆನ್ನಾಗಿಯೇ ಹುಟ್ಟುತ್ತಾರೆ. ಎಷ್ಟೋ ಸಲ ಸ್ಕ್ಯಾನಿನಲ್ಲಿ ಕಾಣದೆ ಹೆರಿಗೆಯಾದ ಮೇಲೆ ಬಳ್ಳಿಯ ಕತ್ತರಿಸಿದ ತುದಿ ನೋಡಿದಾಗ ನಮಗೆ ಗೊತ್ತಾಗುತ್ತಿತ್ತು. ಮಗು ಪಕ್ಕದಲ್ಲೇ ಜೋರಾಗಿ ಅಳುತ್ತಿರುತ್ತಿತ್ತು! ಹೊಸ ಸಿಸ್ಟರ್‌ಗಳಿಗೆ ನಾನು ಹೇಳುತ್ತಿದ್ದೆ, ಮಾಸಿನ ಹತ್ತಿರ ಎಣಿಸಬೇಡಿ, ಅಲ್ಲಿ ಎರಡು ಆರ್ಟರಿ ಸೇರಿ ಒಂದೇ ಆಗಿ ಕಾಣಬಹುದು, ಮಗುವಿನ ಕಡೆ ಎಣಿಸಿ ಅಂತ.

ರಿಪೋರ್ಟ್ ತೆಗೆದು ನೋಡು. ಎರಡೂ ಕಿಡ್ನಿ ಕಂಡಿದೆ ಅಂತ ಇದೆಯಾ? ಹೃದಯದ ನಾಲ್ಕು ಕೋಣೆ ಬಗ್ಗೆ ಏನು ಬರೆದಿದ್ದಾರೆ?

ಕುಂದಾಪುರದಿಂದ:
ಯಾವುದಕ್ಕೂ ಒಮ್ಮೆ ಜ್ಯೋತಿಷಿಯ ಹತ್ತಿರ ಪ್ರಶ್ನೆ ಇಡಿಸಿ ನೋಡಿ.

ಕಾಪುವಿನಿಂದ:
ಸಿಸ್ಟರ್, ಎರಡು ಕಿಡ್ನಿ ನಾರ್ಮಲ್ ಎಂದಿದೆ. ನಾಲ್ಕು ಕೋಣೆ ಕಂಡಿದೆ, ಆದರೆ ‘ಮಗು ಮಲಗಿರುವ ಭಂಗಿಯಿಂದ ಹೃದಯದಿಂದ ಹೊರಡುವ ನಾಳ ಸ್ಪಷ್ಟವಿಲ್ಲ’ ಎಂದೂ ಇದೆ. ಹೊಟ್ಟೆಗೆ ಸೂಜಿ ಹಾಕಿ ನೀರು ತೆಗೆಯುವ ಟೆಸ್ಟ್ ಬೇಕಾಗುತ್ತದಾ? ಅದೇ ಹೆದರಿಕೆ.

ನಿವೃತ್ತ ಸಿಸ್ಟರ್, ಮಂಗಳೂರು:
ಕಿಡ್ನಿ ಸರಿ ಇರುವುದು ಒಳ್ಳೆಯ ಸುದ್ದಿ. ನಾಳ ಸ್ಪಷ್ಟ ಕಂಡಿಲ್ಲ ಅಂದರೆ ದೋಷ ಇದೆ ಅಂತಲ್ಲ, ನೋಡಲು ಆಗಲಿಲ್ಲ ಅಂತ. ಅದನ್ನು ಹಾಗೇ ಬಿಡಬಾರದು. ಸೋಮವಾರ ಫೀಟಲ್ ಎಕೋಗೆ ನೀನೇ ಬಾಯಿಬಿಟ್ಟು ಕೇಳು. ಒಂದು ಆರ್ಟರಿ ಇಲ್ಲ ಅನ್ನುವ ಒಂದೇ ಕಾರಣಕ್ಕೆ ಸೂಜಿಯ ಟೆಸ್ಟ್ ಬೇಕಾಗುವುದಿಲ್ಲ. ಬೇರೆ ಏನಾದರೂ ಕಂಡರೆ ಆಗ ಆ ಮಾತು ಬರುತ್ತದೆ. ಮೊದಲು ಮಾಡಿದ ರಕ್ತ ಪರೀಕ್ಷೆಯ ರಿಪೋರ್ಟೂ ತೆಗೆದುಕೊಂಡು ಹೋಗು.

ಏಳನೇ ತಿಂಗಳ ನಂತರ ಬೆಳವಣಿಗೆಯ ಸ್ಕ್ಯಾನ್ ಯಾವಾಗ ಅಂತ ಈಗಲೇ ಕೇಳಿ ಬರೆದಿಟ್ಟುಕೋ. ಇಂಥ ಮಕ್ಕಳಲ್ಲಿ ಕೆಲವರ ತೂಕ ಹಿಂದೆ ಬೀಳುತ್ತದೆ. ಮಗುವಿನ ಓಡಾಟ ಕಡಿಮೆ ಅನ್ನಿಸಿದರೆ ಬೆಳಗಾಗಲಿ ಅಂತ ಕಾಯಬೇಡ, ರಾತ್ರಿಯೇ ಹೊರಡು.

ದೇವರಿಗೆ ಕೈ ಮುಗಿಯಬೇಡ ಅಂತ ಯಾರು ಹೇಳುತ್ತಾರೆ? ನಾನೂ ಕಟೀಲು ದೇವಸ್ಥಾನಕ್ಕೆ ಹೋಗುವವಳೇ. ಪ್ರಶ್ನೆ ಇಡಿಸುವುದಾದರೂ ಎಕೋದ ದಿನ ಮುಂದೆ ಹಾಕಬೇಡ. ಮತ್ತೆ, ಸೋಮವಾರ ಅತ್ತೆಯನ್ನೂ ಜೊತೆಗೆ ಕರೆದುಕೊಂಡು ಹೋಗು. ಕೈ ಎತ್ತಿದ್ದರ ಬಗ್ಗೆ ಡಾಕ್ಟರ್ ಬಾಯಿಂದಲೇ ಕೇಳಲಿ.