ಕೂಪರ್ಸ್‌ಟೌನ್ ಟೂರ್ನಿಗೆ ತಂಡದ ಪಿನ್ ಮಾಡಿಸಬೇಕು: ಎಷ್ಟು, ಎಂಥವು?

ಆಸ್ಟಿನ್ ಅಮ್ಮ:

ಎಲ್ಲರಿಗೂ ನಮಸ್ಕಾರ. ನನ್ನ ಮಗನ ಬೇಸ್‌ಬಾಲ್ ತಂಡ ಬರುವ ಜುಲೈನಲ್ಲಿ ನ್ಯೂಯಾರ್ಕ್ ರಾಜ್ಯದ ಕೂಪರ್ಸ್‌ಟೌನ್ ಡ್ರೀಮ್ಸ್ ಪಾರ್ಕ್‌ನ ಟೂರ್ನಿಗೆ ಹೋಗುತ್ತಿದೆ. ಪೋಷಕರ ಸಭೆಯಲ್ಲಿ ಒಬ್ಬರಿಗೆ ವಿಮಾನದ ಟಿಕೆಟ್, ಒಬ್ಬರಿಗೆ ಬಾಡಿಗೆ ಮನೆ, ಒಬ್ಬರಿಗೆ ಜರ್ಸಿ ಎಂದು ಕೆಲಸ ಹಂಚಿದರು. ಉಳಿದದ್ದು ಪಿನ್. ಅದು ನನ್ನ ಪಾಲಿಗೆ ಬಂತು. ಕೋಟಿಗೆ ಚುಚ್ಚಿಕೊಳ್ಳುವ ಬಿಲ್ಲೆಯಂಥದ್ದು, ಎಲ್ಲ ತಂಡಗಳ ಮಕ್ಕಳೂ ತಂದು ಅದಲುಬದಲು ಮಾಡಿಕೊಳ್ಳುತ್ತಾರೆ ಎಂಬಷ್ಟೇ ನನಗೆ ತಿಳಿದದ್ದು.

ತಂಡದಲ್ಲಿ 12 ಹುಡುಗರು. ಒಬ್ಬ ತಯಾರಕರು ಒಂದು ಪಿನ್ನಿಗೆ 1.60 ಡಾಲರ್ ಎಂದರು, ಇನ್ನೊಬ್ಬರು ಅದೇ ಚಿತ್ರಕ್ಕೆ 2.75 ಎಂದರು. ಬಣ್ಣಕ್ಕೆ ಸಾಫ್ಟ್ ಎನಾಮೆಲ್ ಬೇಕೋ ಹಾರ್ಡ್ ಎನಾಮೆಲ್ ಬೇಕೋ ಎಂದು ಕೇಳುತ್ತಾರೆ. ಉಳಿದ ತಾಯಂದಿರಿಗೆ ಗ್ಲಿಟರ್ ಬೇಕು, ಮಿನುಗುವ ದೀಪ ಬೇಕು, ತಿರುಗುವ ಚೆಂಡು ಬೇಕು, ಎಲ್ಲವೂ ಒಂದೇ ಪಿನ್ನಿನಲ್ಲಿ ಬೇಕು. ನಮ್ಮ ಊರು ಆಸ್ಟಿನ್‌ನ ಕಾಂಗ್ರೆಸ್ ಅವೆನ್ಯೂ ಸೇತುವೆ, ಅದರ ಕೆಳಗೆ ಸಣ್ಣ ಸರಪಳಿಯಲ್ಲಿ ತೂಗುವ ಬಾವಲಿ, ಇದು ನನ್ನ ಆಲೋಚನೆ. ಸಂಜೆಯಾದರೆ ಆ ಸೇತುವೆಯ ಅಡಿಯಿಂದ ಲಕ್ಷಗಟ್ಟಲೆ ಬಾವಲಿಗಳು ಹೊರಬೀಳುತ್ತವೆ, ನೋಡಿದವರಿಗೆ ಗೊತ್ತು.

ನಮ್ಮ ಮನೆಯವರು ‘ತಗಡಿನ ಬಿಲ್ಲೆಗೆ ಇಷ್ಟು ದುಡ್ಡೇ’ ಎಂದು ದಿನಕ್ಕೊಮ್ಮೆ ಕೇಳುತ್ತಾರೆ. ಅದಕ್ಕಿಂತ ನನಗೆ ಚಿಂತೆ ಮಗನದು. ಒಂಬತ್ತನೆಯವನಾಗಿ ಬ್ಯಾಟ್ ಹಿಡಿಯುವ ಹುಡುಗ, ಮಾತು ಕಡಿಮೆ. ಗೊತ್ತಿಲ್ಲದವರ ಮುಂದೆ ಹೋಗಿ ವ್ಯಾಪಾರ ಮಾಡಿಯಾನೇ? ಅವನ ಪರವಾಗಿ ನಾನು ಬದಲಾಯಿಸಿಕೊಟ್ಟರೆ ತಪ್ಪೇ?

ಕ್ಯಾಚರ್‌ನ ಅಪ್ಪ, ನ್ಯೂಜೆರ್ಸಿ:

ಕೊನೆಯ ಪ್ರಶ್ನೆಗೆ ಮೊದಲು ಉತ್ತರ: ತಪ್ಪು. ದಯವಿಟ್ಟು ಮಾಡಬೇಡಿ. ಕಾರಣ ಆಮೇಲೆ ಹೇಳುತ್ತೇನೆ, ಮೊದಲು ಲೆಕ್ಕ ಮುಗಿಸೋಣ.

ಡ್ರೀಮ್ಸ್ ಪಾರ್ಕ್‌ನಲ್ಲಿ ವಾರವೊಂದಕ್ಕೆ 104 ತಂಡಗಳವರೆಗೆ ಸೇರುತ್ತವೆ. ಉಳಿದ 103 ತಂಡಗಳ ಒಂದೊಂದು ಪಿನ್ ಗಿಟ್ಟಿಸಿಯೇ ಬರುತ್ತೇನೆಂದು ಪ್ರತಿಯೊಬ್ಬ ಹುಡುಗನೂ ಹೊರಡುತ್ತಾನೆ. ಹಾಗಾಗಿ ತಲೆಗೆ 103, ತನ್ನ ನೆನಪಿಗೆ ಒಂದು, ಇನ್ನು ಅಂಪೈರ್‌ಗಳಿಗೆ, ಬೇಲಿಯಾಚೆ ಕೈ ಚಾಚುವ ತಮ್ಮ ತಂಗಿಯರಿಗೆ, ಹುಲ್ಲಿನಲ್ಲಿ ಬಿದ್ದು ಹೋಗುವುದಕ್ಕೆ ಒಂದಷ್ಟು, 120 ಎಂದಿಟ್ಟುಕೊಳ್ಳಿ. 12 ಹುಡುಗರಿಗೆ 1440 ಆಯಿತು, 1500 ಮಾಡಿಸಿ. ಅಚ್ಚಿನ ಖರ್ಚು ನೂರು ಪಿನ್ನಿಗೂ ಅದೇ, ಸಾವಿರಕ್ಕೂ ಅದೇ. ಸಂಖ್ಯೆ ಏರಿದಷ್ಟೂ ಒಂದರ ಬೆಲೆ ಇಳಿಯುತ್ತದೆ. ಆದರೆ ಆರ್ಡರ್ ಕೊಡುವ ಮುನ್ನ ನಿಮ್ಮ ವಾರಕ್ಕೆ ಎಷ್ಟು ತಂಡ ಎಂದು ಪಾರ್ಕ್‌ನವರನ್ನೇ ಕೇಳಿ.

ಒಂದಕ್ಕೆ 2 ಡಾಲರ್ ಹಿಡಿದರೆ ಮನೆಯೊಂದಕ್ಕೆ 250 ಡಾಲರ್. ಟೂರ್ನಿಯ ಶುಲ್ಕ, ವಿಮಾನ, ಬಾಡಿಗೆ ಮನೆ ಎಲ್ಲಕ್ಕೂ ತೆಪ್ಪಗೆ ಕಾರ್ಡ್ ಉಜ್ಜಿದ ಯಜಮಾನರು ಪಿನ್ನಿನ ಹತ್ತಿರ ಬಂದಾಗ ಮಿತವ್ಯಯದ ಪಾಠ ಶುರುಮಾಡುತ್ತಾರೆ. ನಮ್ಮ ತಂಡದಲ್ಲೂ ಇದ್ದರು. ಹಿಂತಿರುಗಿದ ಮೇಲೆ ಮಗನ ಪಿನ್ನುಗಳನ್ನು ಚೌಕಟ್ಟು ಕಟ್ಟಿಸಿ ಕಚೇರಿಯಲ್ಲಿ ತೂಗುಹಾಕಿಕೊಂಡವರೂ ಅವರೇ.

ಸಾಫ್ಟ್ ಎನಾಮೆಲ್ ಧಾರಾಳವಾಗಿ ಸಾಕು. ಅದರಲ್ಲಿ ಲೋಹದ ಗೆರೆ ಎತ್ತರದಲ್ಲಿದ್ದು ಬಣ್ಣ ತಗ್ಗಿನಲ್ಲಿರುತ್ತದೆ, ಬೆರಳಾಡಿಸಿದರೆ ಗೆರೆ ತಗಲುತ್ತದೆ. ಹಾರ್ಡ್ ಎನಾಮೆಲ್‌ನಲ್ಲಿ ಬಣ್ಣ ತುಂಬಿ, ಕಾಯಿಸಿ, ಉಜ್ಜಿ ಮೇಲ್ಮೈಯನ್ನು ಸಮ ಮಾಡುತ್ತಾರೆ. ನುಣುಪು ಜಾಸ್ತಿ, ಬೆಲೆಯೂ ಜಾಸ್ತಿ, ಹನ್ನೆರಡು ವರ್ಷದ ಹುಡುಗನ ಕಣ್ಣಿಗೆ ವ್ಯತ್ಯಾಸವೇ ಕಾಣುವುದಿಲ್ಲ. ಗಾತ್ರದಲ್ಲಿ ಮಾತ್ರ ಜಿಪುಣತನ ಬೇಡ. ಎರಡು ಇಂಚಿಗಿಂತ ಚಿಕ್ಕದನ್ನು ಹಿಡಿದು ಹೋದರೆ ಮಕ್ಕಳು ಮುಖ ತಿರುಗಿಸುತ್ತಾರೆ. ಎರಡು ಇಂಚು ಎಂದರೆ ಉದ್ದನೆಯ ಬದಿಯೋ, ಉದ್ದಗಲಗಳ ಸರಾಸರಿಯೋ ಎಂದು ತಯಾರಕರಲ್ಲಿ ಕೇಳಿ ಬರಹದಲ್ಲಿ ಪಡೆಯಿರಿ. ನಿಮಗೆ ಸಿಕ್ಕ ಎರಡು ದರಗಳ ಅಂತರ ಬಹುಶಃ ಅಲ್ಲೇ ಅಡಗಿದೆ.

ಬಾವಲಿ ಚೆನ್ನಾಗಿದೆ, ಸರಪಳಿ ಬೇಡ. ತೂಗುವ ತುಂಡು ಇರುವ ಪಿನ್ನುಗಳನ್ನು ಚೀಲಕ್ಕೆ ತುಂಬಿದರೆ ಒಂದರ ಕೊಂಡಿ ಇನ್ನೊಂದಕ್ಕೆ ಸಿಕ್ಕಿಕೊಂಡು ಗೊಂಚಲಾಗುತ್ತದೆ, ಬಿಡಿಸಲು ಎಳೆದರೆ ಸರಪಳಿಯ ಬಳೆ ಬಾಯಿ ಬಿಡುತ್ತದೆ. ಸೇತುವೆಯ ಉದ್ದಕ್ಕೆ ಸಣ್ಣ ಸೀಳು ಬಿಡಿಸಿ, ಬಾವಲಿ ಆ ತುದಿಯಿಂದ ಈ ತುದಿಗೆ ಜಾರುವ ಹಾಗೆ ಮಾಡಿಸಿ. ಅದನ್ನು ಸ್ಲೈಡರ್ ಎನ್ನುತ್ತಾರೆ. ಮಕ್ಕಳು ಮಾತಾಡುತ್ತಲೇ ಅದನ್ನು ಹೆಬ್ಬೆರಳಿನಲ್ಲಿ ಆಚೀಚೆ ತಳ್ಳುತ್ತಿರುತ್ತಾರೆ. ತಳ್ಳಲು ಶುರುಮಾಡಿದರೆಂದರೆ ವ್ಯಾಪಾರ ಅರ್ಧ ಕುದುರಿತು. ದೀಪವಂತೂ ಬೇಡವೇ ಬೇಡ. ಬೆಲೆ ಏರುತ್ತದೆ, ಹಿಂದೆ ಬ್ಯಾಟರಿಯ ದಪ್ಪ ಸೇರಿಕೊಳ್ಳುತ್ತದೆ, ಎರಡೇ ದಿನದಲ್ಲಿ ಆರಿಹೋಗುತ್ತದೆ.

ಇನ್ನು ನಿಮ್ಮ ಮಗನ ವಿಷಯ. ಅಲ್ಲಿ ಹುಡುಗರೂ ಕೋಚ್‌ಗಳೂ ಪಾರ್ಕ್‌ನ ಒಳಗೇ ಮಲಗುತ್ತಾರೆ, ನಾವು ಹೊರಗೆ. ದೊಡ್ಡ ವ್ಯಾಪಾರವೆಲ್ಲ ನಾವು ಇಲ್ಲದ ಹೊತ್ತಿನಲ್ಲೇ ನಡೆಯುತ್ತದೆ. ಹಗಲು ಪಂದ್ಯಗಳ ನಡುವೆ ನಡೆಯುವುದನ್ನು ದೂರದಿಂದ ನೋಡಬಹುದು, ನೋಡಿ. ನಮ್ಮ ಕಡೆಯ ದನದ ಜಾತ್ರೆಯಲ್ಲಿ ಟವೆಲ್ ಮುಚ್ಚಿ, ಅದರಡಿಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುತ್ತಾರಲ್ಲ, ಇಲ್ಲಿ ಟವೆಲ್ ಹಾಸಿ ಪಿನ್ ಚುಚ್ಚಿಟ್ಟು ಎಲ್ಲರೆದುರಿಗೇ ಕುದುರಿಸುತ್ತಾರೆ. ಮುಖದ ಗಾಂಭೀರ್ಯ ಮಾತ್ರ ಅದೇ. ಒಮ್ಮೆ ಮೇರಿಲೆಂಡ್‌ನ ಹುಡುಗನೊಬ್ಬ ನನ್ನ ಮಗನ ಮುಂದೆ ಬಂದು ಕುಕ್ಕರುಗಾಲಲ್ಲಿ ಕೂತ. ಅವನ ಕೈಯಲ್ಲಿ ಅಂಗೈಯಗಲದ ಏಡಿ, ಕಣ್ಣು ಮಿನುಗುತ್ತಿತ್ತು, ಇಕ್ಕಳದಂಥ ಕಾಲು ಸ್ಪ್ರಿಂಗಿನ ಮೇಲೆ ಅಲುಗುತ್ತಿತ್ತು. ಅವನಿಗೆ ಬೇಕಾಗಿದ್ದದ್ದು ಇವನ ಟವೆಲ್ಲಿನ ಮೂಲೆಯಲ್ಲಿದ್ದ ಹವಾಯಿ ತಂಡದ ಒಂದು ಸಪ್ಪೆ ಆಮೆ. ಗ್ಲಿಟರ್ ಕೂಡ ಇಲ್ಲ. ನಾನಾಗಿದ್ದರೆ ಕೊಟ್ಟುಬಿಡುತ್ತಿದ್ದೆ. ಮಗ ತಲೆ ಅಲ್ಲಾಡಿಸಿದ. ಆ ಹುಡುಗ ಎರಡು ಏಡಿ ಎಂದ. ಊಹೂಂ. ಆಮೇಲೆ ಕೇಳಿದರೆ, ‘ಏಡಿ ಅವರ ಚೀಲದಲ್ಲಿ ಇನ್ನೂ ಬೇಕಾದಷ್ಟಿವೆ ಅಪ್ಪಾ, ಹವಾಯಿಯವರದು ಬೆಳಿಗ್ಗೆಯೇ ಖಾಲಿ’ ಎಂದ. ಯಾರ ಚೀಲದಲ್ಲಿ ಎಷ್ಟು ಉಳಿದಿದೆ ಎಂಬ ಸುದ್ದಿ ಹುಡುಗರ ನಡುವೆ ಓಡಾಡುತ್ತದೆ, ನಮ್ಮ ಕಿವಿಗೆ ಬೀಳುವುದಿಲ್ಲ. ಅದಕ್ಕೇ ಹೇಳಿದ್ದು, ಕೈ ಹಾಕಬೇಡಿ.

ವಿಲಿಯಮ್ಸ್‌ಪೋರ್ಟ್ ನೆರೆಯವ:

ಒಂದು ಗೊಂದಲ ಮೊದಲೇ ನಿವಾರಿಸುತ್ತೇನೆ, ಏಕೆಂದರೆ ಊರಿಂದ ಬರುವ ನೆಂಟರೆಲ್ಲ ಕೂಪರ್ಸ್‌ಟೌನ್ ಟೂರ್ನಿಯನ್ನೂ ಇಲ್ಲಿ ನಡೆಯುವ ಲಿಟಲ್ ಲೀಗ್ ಎಂಬ ಮಕ್ಕಳ ಬೇಸ್‌ಬಾಲ್ ಸಂಸ್ಥೆಯ ವಿಶ್ವ ಸರಣಿಯನ್ನೂ ಒಂದೇ ಎಂದುಕೊಳ್ಳುತ್ತಾರೆ. ಕೂಪರ್ಸ್‌ಟೌನ್‌ಗೆ ಶುಲ್ಕ ಕಟ್ಟಿ ಹೆಸರು ನೋಂದಾಯಿಸಿದ ತಂಡಗಳು ಹೋಗುತ್ತವೆ, ಬೇಸಿಗೆಯುದ್ದಕ್ಕೂ ವಾರವಾರ ಹೊಸ ತಂಡಗಳು. ಲಿಟಲ್ ಲೀಗ್ ವಿಶ್ವ ಸರಣಿ ಬೇರೆ. ಅದು ಆಗಸ್ಟ್‌ನಲ್ಲಿ, ಪೆನ್ಸಿಲ್ವೇನಿಯಾದ ಸೌತ್ ವಿಲಿಯಮ್ಸ್‌ಪೋರ್ಟ್‌ನಲ್ಲಿ. 1947ರಲ್ಲಿ ಆರಂಭವಾದದ್ದು. 2022ರಿಂದ 20 ತಂಡಗಳು ಬರುತ್ತಿವೆ, ಅರ್ಧ ಅಮೆರಿಕದವು, ಅರ್ಧ ಹೊರದೇಶದವು. ಅಲ್ಲಿಗೆ ಗೆದ್ದೇ ಬರಬೇಕು, ಚೆಕ್ ಬರೆದರೆ ಆಗುವುದಿಲ್ಲ.

ಪಿನ್ನಿನ ಹುಚ್ಚು ಎರಡೂ ಕಡೆ ಇದೆ, ರೀತಿ ಬೇರೆ. ವಿಲಿಯಮ್ಸ್‌ಪೋರ್ಟ್‌ನಲ್ಲಿ ದೊಡ್ಡವರೇ ಮೇಜು ಹಾಕಿಕೊಂಡು ಕೂರುತ್ತಾರೆ. ಜಾಕೀಟಿನ ತುಂಬ ಪಿನ್ ಚುಚ್ಚಿಕೊಂಡು ನಡೆದರೆ ಕಿಣಿಕಿಣಿ ಸದ್ದಾಗುವ ಅಜ್ಜಂದಿರಿದ್ದಾರೆ. ಯಾವ ರಾಜ್ಯದ ಯಾವ ಜಿಲ್ಲೆ ಯಾವ ವರ್ಷ ಏನು ಹೊರಡಿಸಿತು ಎಂದು ಅವರನ್ನು ಕೇಳಬೇಕು. ಆದ್ದರಿಂದ ದೊಡ್ಡವರು ದೂರವಿರಬೇಕು ಎಂಬ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಪಿನ್ ಮಕ್ಕಳ ಆಟ ಮಾತ್ರ ಆಗಿದ್ದು ಯಾವಾಗ? 1896ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಆಟಗಾರರನ್ನೂ ಅಧಿಕಾರಿಗಳನ್ನೂ ಗುರುತಿಸಲು ಕೊಟ್ಟ ರಟ್ಟಿನ ಬಿಲ್ಲೆಗಳಿಂದ ಈ ಪದ್ಧತಿ ಬೆಳೆದದ್ದು. ಅವರು ಯಾರೂ ಹನ್ನೆರಡು ವರ್ಷದವರಲ್ಲ.

ಇನ್ನೊಂದು ಕಿವಿಮಾತು: ಮೇಜರ್ ಲೀಗ್‌ನ ವೃತ್ತಿಪರ ತಂಡಗಳ ಲಾಂಛನವನ್ನಾಗಲಿ ಲಿಟಲ್ ಲೀಗ್‌ನ ಗುರುತನ್ನಾಗಲಿ ನಿಮ್ಮ ಪಿನ್ನಿನಲ್ಲಿ ಸೇರಿಸಬೇಡಿ. ಅವು ನೋಂದಾಯಿತ ಗುರುತುಗಳು. ನಿಮ್ಮ ಬಾವಲಿ ನಿಮ್ಮದೇ, ಯಾರ ಅಪ್ಪಣೆಯೂ ಬೇಡ.

ಆಗಸ್ಟ್‌ನಲ್ಲಿ ಬಿಡುವಿದ್ದರೆ ಇಲ್ಲಿಗೂ ಬನ್ನಿ. ಪ್ರವೇಶ ಉಚಿತ. ಸರಣಿಯ ಪಂದ್ಯಗಳು ನಡೆಯುವ ಲಮಾಡ್ ಕ್ರೀಡಾಂಗಣದ ಹಿಂದಿನ ಗುಡ್ಡದ ಮೇಲಿಂದ ಮಕ್ಕಳು ರಟ್ಟಿನ ಮೇಲೆ ಕೂತು ಜಾರುತ್ತಾರೆ, ಪಂದ್ಯ ನೋಡುವವರು ಕಡಿಮೆ.

ಕ್ಯಾಚರ್‌ನ ಅಪ್ಪ, ನ್ಯೂಜೆರ್ಸಿ:

ಅಜ್ಜಂದಿರು ಅಜ್ಜಂದಿರ ಜೊತೆ ಬದಲಾಯಿಸಿಕೊಳ್ಳಲಿ, ನನ್ನ ತಕರಾರಿಲ್ಲ. ಮೂವತ್ತು ವರ್ಷದ ಅನುಭವವನ್ನು ಎದುರಿಗೆ ಐಸ್‌ಕ್ರೀಂ ನೆಕ್ಕುತ್ತಾ ನಿಂತ ಎಂಟು ವರ್ಷದ ಹುಡುಗಿಯ ಮೇಲೆ ಪ್ರಯೋಗಿಸುವವರನ್ನು ಕಣ್ಣಾರೆ ಕಂಡಿದ್ದೇನೆ. ಅಂಥವರ ಬಗ್ಗೆ ನನ್ನ ಮಾತು.

ವಿಲಿಯಮ್ಸ್‌ಪೋರ್ಟ್ ನೆರೆಯವ:

ಅಂಥವರನ್ನು ಇಲ್ಲಿಯ ಮೇಜುಗಳವರೂ ಹತ್ತಿರ ಸೇರಿಸುವುದಿಲ್ಲ. ಅಷ್ಟರ ಮಟ್ಟಿಗೆ ಒಪ್ಪಿದೆ.

ಸೆಕೆಂಡ್ ಬೇಸ್:

ಆಂಟಿ, ನಾನೀಗ ಕಾಲೇಜಿನಲ್ಲಿದ್ದೇನೆ. ಹನ್ನೆರಡರ ವಯಸ್ಸಿನಲ್ಲಿ ಕೂಪರ್ಸ್‌ಟೌನ್‌ಗೆ ಹೋದ ಮಾತಾಡದ ಹುಡುಗ ನಾನೇ. ಅಂಕಲ್ ಹೇಳಿದ ಟವೆಲ್ ನನಗೆ ಕಷ್ಟವಾಗಿತ್ತು, ಟವೆಲ್ ಹಾಸಿದವನು ಬಂದವರೊಡನೆಲ್ಲ ಮಾತಾಡಬೇಕು. ನನ್ನ ಕೋಚ್ ನನ್ನ ಕೈಗೆ ಒಂದು ಪಟ್ಟಿ ಕೊಟ್ಟರು, ಆ ವಾರದ ಎಲ್ಲ ತಂಡಗಳ ಹೆಸರು. ಯಾವ ಪಿನ್ ನಮ್ಮವರಲ್ಲಿ ಯಾರಿಗೆ ಸಿಕ್ಕಿದೆ, ಯಾರಿಗೆ ಬೇಕು ಎಂದು ಗುರುತು ಹಾಕುವುದು ನನ್ನ ಕೆಲಸ. ಮಧ್ಯಾಹ್ನದ ಹೊತ್ತಿಗೆ ಬೇರೆ ತಂಡದ ಹುಡುಗರು ‘ಅಲಾಸ್ಕಾ ಯಾರ ಹತ್ತಿರ ಇದೆ’ ಎಂದು ನನ್ನನ್ನೇ ಹುಡುಕಿಕೊಂಡು ಬರತೊಡಗಿದರು. ನಾನು ಹೋಗಿ ಯಾರನ್ನೂ ಮಾತಾಡಿಸಬೇಕಾಗಲಿಲ್ಲ.

ಒಂದು ವಿಷಯ ಮನೆಯಲ್ಲೇ ಅಭ್ಯಾಸ ಮಾಡಿಸಿ: ಬೇಡ ಎನ್ನುವುದು. ಸಂಕೋಚದ ಹುಡುಗರು ಯಾರು ಏನು ಕೇಳಿದರೂ ಕೊಟ್ಟುಬಿಡುತ್ತಾರೆ. ಆಮೇಲೆ ಬಂಕ್ ಮಂಚದಲ್ಲಿ ಮುಸುಕು ಹಾಕಿಕೊಳ್ಳುತ್ತಾರೆ. ‘ಸ್ವಲ್ಪ ಯೋಚಿಸಿ ಹೇಳುತ್ತೇನೆ’ ಎಂದು ಹೇಳಿ ಎದ್ದು ಹೋಗಬಹುದು ಎಂದು ನನಗೆ ಯಾರೂ ಹೇಳಿರಲಿಲ್ಲ. ಹಾಗೆಯೇ ಇನ್ನೊಬ್ಬರ ಪಿನ್ನನ್ನು ಕೇಳದೆ ಮುಟ್ಟಬಾರದು, ಕೈ ಕುಲುಕಿದ ಮೇಲೆ ವಾಪಸ್ ಕೇಳಬಾರದು. ಇವೆರಡನ್ನು ಮುರಿದವನ ಸುದ್ದಿ ಊಟದ ಸಾಲಿನಲ್ಲಿ ಎಲ್ಲರಿಗೂ ತಲುಪಿರುತ್ತದೆ.

ಆಸ್ಟಿನ್ ಅಮ್ಮ:

ಎಲ್ಲರಿಗೂ ಧನ್ಯವಾದ. ಸೆಕೆಂಡ್ ಬೇಸ್, ನಿನ್ನ ಪಟ್ಟಿಯ ವಿಷಯವನ್ನು ಮಗನಿಗೆ ಓದಿ ಹೇಳಿದೆ. ಉತ್ತರ ಕೊಡಲಿಲ್ಲ, ಆದರೆ ರಾತ್ರಿ ಕಂಪ್ಯೂಟರ್‌ನಲ್ಲಿ 50 ರಾಜ್ಯಗಳ ಹೆಸರು ಹಾಕಿ ಕೋಷ್ಟಕ ಮಾಡುತ್ತಾ ಕೂತಿದ್ದ.

ಸ್ಲೈಡರ್ ಬಾವಲಿಗೆ ಎಲ್ಲ ತಾಯಂದಿರೂ ಒಪ್ಪಿದರು; ದೀಪದವರನ್ನು ಒಪ್ಪಿಸಲು ಒಂದು ಸಂಜೆ ಹಿಡಿಯಿತು. ತಯಾರಕರು ಮಾದರಿ ಚಿತ್ರ ಕಳಿಸಿದ್ದಾರೆ. ಯಾವುದನ್ನು ನೋಡಬೇಕು? ಆರ್ಡರ್ ಈಗಲೇ ಕೊಡಲೇ, ಏಪ್ರಿಲ್‌ವರೆಗೆ ಕಾಯಲೇ? ನಾವು ಇಳಿಯುವ ಆಲ್ಬನಿಯವರೆಗೆ ವಿಮಾನದಲ್ಲಿ ಸಾವಿರದೈನೂರು ಪಿನ್ ಒಯ್ಯುವುದು ಹೇಗೆ?

ಕ್ಯಾಚರ್‌ನ ಅಪ್ಪ, ನ್ಯೂಜೆರ್ಸಿ:

ಈಗಲೇ ಕೊಡಿ. ಈ ಪಿನ್ನುಗಳಲ್ಲಿ ಹೆಚ್ಚಿನವು ತಯಾರಾಗುವುದು ಚೀನಾದಲ್ಲಿ, ಅವರ ಹೊಸ ವರ್ಷದ ಸುತ್ತ, ಅಂದರೆ ಜನವರಿ ಕೊನೆ ಇಲ್ಲವೇ ಫೆಬ್ರವರಿಯಲ್ಲಿ, ಕಾರ್ಖಾನೆಗಳು ಬಾಗಿಲು ಹಾಕುತ್ತವೆ. ಬೇಸಿಗೆ ಹತ್ತಿರವಾದಂತೆ ಎಲ್ಲ ತಂಡಗಳೂ ಒಟ್ಟಿಗೆ ಮುಗಿಬೀಳುತ್ತವೆ.

ಮಾದರಿ ಚಿತ್ರದಲ್ಲಿ ತಂಡದ ಹೆಸರಿನ ಕಾಗುಣಿತ, ವರ್ಷ, ರಾಜ್ಯದ ಹೆಸರು ಈ ಮೂರನ್ನು ಮೂವರು ಬೇರೆ ಬೇರೆ ಜನರಿಂದ ಓದಿಸಿ. ಚಿತ್ರ ಬರೆಸಿದವರ ಕಣ್ಣಿಗೆ ತಪ್ಪು ಬೀಳುವುದಿಲ್ಲ. ಬಾವಲಿ ಜಾರುವ ಸೀಳು ಅಕ್ಷರಗಳ ಮೇಲೆ ಹಾದುಹೋಗದಿರಲಿ. ಪರದೆಯ ಮೇಲೆ ಅಂಗೈಯಗಲ ಕಾಣುವ ಅಕ್ಷರ ಎರಡು ಇಂಚಿಗೆ ಇಳಿದಾಗ ಇರುವೆಯಾಗುತ್ತದೆ, ಹಾಗಾಗಿ ಕಾಗದದ ಮೇಲೆ ನಿಜ ಗಾತ್ರದಲ್ಲಿ ಮುದ್ರಿಸಿ ನೋಡಿ. ಹಿಂಬದಿಗೆ ಎರಡು ಮುಳ್ಳು ಕೇಳಿ, ಒಂದೇ ಮುಳ್ಳಿದ್ದರೆ ದೊಡ್ಡ ಪಿನ್ ತಿರುಗಿ ತಲೆಕೆಳಗಾಗುತ್ತದೆ. ಮುಚ್ಚಳ ರಬ್ಬರಿನದಿರಲಿ, ಚಿಟ್ಟೆಯ ರೆಕ್ಕೆಯಂಥ ಲೋಹದ ಮುಚ್ಚಳ ಬಹಳ ಬೇಗ ಸಡಿಲವಾಗುತ್ತದೆ.

ಪಿನ್ನುಗಳು ಒಂದೊಂದೂ ಪುಟ್ಟ ಪ್ಲಾಸ್ಟಿಕ್ ಚೀಲದಲ್ಲಿ ಬರುತ್ತವೆ. ಅವನ್ನೆಲ್ಲ ಆಸ್ಟಿನ್‌ನಲ್ಲೇ ಕಿತ್ತುಹಾಕಿ, ಹುಡುಗರನ್ನೇ ಕೂರಿಸಿ ಮಾಡಿಸಿ, ಇಲ್ಲವಾದರೆ ಪಾರ್ಕ್‌ನ ಹುಲ್ಲಿನ ಮೇಲೆ ಹಾರಾಡುತ್ತವೆ. ತೂಕ ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿ ಇರುತ್ತದೆ. ಒಂದೇ ಪೆಟ್ಟಿಗೆಗೆ ತುಂಬಬೇಡಿ, ಮನೆಗೊಂದು ಪಾಲು ಹಂಚಿ ಒಬ್ಬೊಬ್ಬರ ಚೆಕ್-ಇನ್ ಬ್ಯಾಗಿನಲ್ಲಿ ಹಾಕಿಸಿ. ಅಲ್ಲಿ ಇಳಿದ ಮೇಲೆ ಎಲ್ಲವನ್ನೂ ಕೋಚ್ ವಶಕ್ಕೆ ಕೊಟ್ಟು, ಪ್ರತಿ ಹುಡುಗನಿಗೂ ದಿನಕ್ಕೆ 30ರಂತೆ ಕೊಡಲು ಹೇಳಿ. ಪೂರ್ತಿ ಚೀಲ ಕೈಗೆ ಕೊಟ್ಟರೆ ಮೊದಲ ರಾತ್ರಿಯೇ ಖಾಲಿ ಮಾಡಿ, ಆಮೇಲೆ ಬರುವ ಒಳ್ಳೆಯ ಪಿನ್ನಿಗೆ ಬಾಯಿ ಬಿಡುತ್ತಾ ನಿಲ್ಲುತ್ತಾರೆ.